ಗೆಟ್ಟಿಯರ್ ಅವರ ಮೂರು ಪುಟ ಕನ್ನಡಕ್ಕೆ: ‘ಗೊತ್ತು’, ‘ತಿಳಿದ’, ‘ನಂಬಿದ’, ಯಾವ ಪದ ಎಲ್ಲಿ?

ಮಾಟುಂಗಾ_ಪೂರ್ವ
ಶನಿವಾರ, ಬೆಳಿಗ್ಗೆ 9.40

ಮುಂದಿನ ತಿಂಗಳ ಮಾಟುಂಗಾ ಓದುಕೂಟಕ್ಕೆ ಎಡ್ಮಂಡ್ ಗೆಟ್ಟಿಯರ್ ಅವರ 1963ರ ಲೇಖನ ಆಯ್ಕೆಯಾಗಿದೆ. ‘ಅನಾಲಿಸಿಸ್’ ಪತ್ರಿಕೆಯ 23ನೇ ಸಂಪುಟ, ಪುಟ 121ರಿಂದ 123. ಬರೀ ಮೂರು ಪುಟ. ಸಮಕಾಲೀನ ತತ್ತ್ವಶಾಸ್ತ್ರಕ್ಕೆ ಎಲ್ಲಿಂದ ಕೈ ಹಾಕುವುದು ಎಂದು ಕೇಳಿದವರಿಗೆ ಕ್ವೈನ್ ಅವರ 1951ರ ಪ್ರಬಂಧವನ್ನೋ ರಾಲ್ಸ್ ಅವರ 1971ರ ದಪ್ಪ ಗ್ರಂಥವನ್ನೋ ಕೊಟ್ಟರೆ ಹತ್ತನೇ ಪುಟದಲ್ಲೇ ಉಸಿರು ಕಟ್ಟುತ್ತದೆ. ಅವುಗಳ ಹಿಂದಿರುವ ನಾಲ್ಕಾರು ಹಳೇ ಜಗಳ ಗೊತ್ತಿಲ್ಲದಿದ್ದರೆ ಅವರು ಯಾರ ಮೇಲೆ ಏರಿಹೋಗುತ್ತಿದ್ದಾರೆ ಎಂಬುದೇ ಹಿಡಿಯುವುದಿಲ್ಲ. ಗೆಟ್ಟಿಯರ್‌ಗೆ ಅಂಥ ಪೀಠಿಕೆ ಬೇಡ. ಒಂದು ಸಂಜೆಗೆ ಮುಗಿಯುತ್ತದೆ, ಮುಂದಿನ ಅರವತ್ತು ವರ್ಷದ ಜ್ಞಾನಮೀಮಾಂಸೆಗೆ, ಅಂದರೆ ‘ಗೊತ್ತು’ ಎಂದರೇನು ಎಂಬ ಚರ್ಚೆಗೆ, ಬಾಗಿಲೂ ತೆರೆಯುತ್ತದೆ.

ವಿಷಯ ಇಷ್ಟು. ‘ಒಬ್ಬನಿಗೆ ಒಂದು ಸಂಗತಿ ಗೊತ್ತು’ ಎನ್ನಲು ಮೂರು ಷರತ್ತು ಸಾಕು ಎಂಬ ಮಾತು ಆಗ ಚಾಲ್ತಿಯಲ್ಲಿತ್ತು: ಅದು ನಿಜವಾಗಿರಬೇಕು, ಅವನು ಅದನ್ನು ನಂಬಿರಬೇಕು, ಆ ನಂಬಿಕೆಗೆ ತಕ್ಕ ಸಮರ್ಥನೆ ಇರಬೇಕು. ಆಗಿನ ತತ್ತ್ವಜ್ಞರಾದ ಏಯರ್ ಮತ್ತು ಚಿಸಮ್ ಕೊಟ್ಟ ಸೂತ್ರಗಳನ್ನು ಗೆಟ್ಟಿಯರ್ ಎದುರಿಗಿಟ್ಟುಕೊಂಡು, ಪ್ಲೇಟೋ ಕಡೆಗೂ ಒಂದು ಅಡಿಟಿಪ್ಪಣಿ ಹಾಕಿ, ಮೂರೂ ಷರತ್ತು ಈಡೇರಿದರೂ ‘ಗೊತ್ತು’ ಎನ್ನಲಾಗದ ಎರಡು ಉದಾಹರಣೆ ಕೊಟ್ಟರು.

ಮೊದಲನೆಯದರ ನನ್ನ ಕರಡು ಹೀಗಿದೆ:

“ಸಮರ್ಥಿತ ಸತ್ಯ ನಂಬಿಕೆಯು ಜ್ಞಾನವೇ? ಸ್ಮಿತ್ ಮತ್ತು ಜೋನ್ಸ್ ಒಂದೇ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಕೆಲಸ ಜೋನ್ಸ್‌ಗೆ ಎಂದು ಕಂಪನಿಯ ಅಧ್ಯಕ್ಷರೇ ಸ್ಮಿತ್‌ಗೆ ಭರವಸೆ ಕೊಟ್ಟಿದ್ದಾರೆ. ಜೋನ್ಸ್‌ನ ಜೇಬಿನಲ್ಲಿರುವ ಹತ್ತು ನಾಣ್ಯಗಳನ್ನು ಸ್ಮಿತ್ ಹತ್ತು ನಿಮಿಷದ ಹಿಂದೆ ಎಣಿಸಿದ್ದಾನೆ. ಇದರಿಂದ ಸ್ಮಿತ್ ಹೀಗೆ ನಂಬುತ್ತಾನೆ: ಕೆಲಸ ಸಿಗಲಿರುವವನ ಜೇಬಿನಲ್ಲಿ ಹತ್ತು ನಾಣ್ಯಗಳಿವೆ. ಆದರೆ ಕೆಲಸ ಸಿಗುವುದು ಸ್ಮಿತ್‌ಗೇ. ಅವನಿಗೇ ತಿಳಿಯದಂತೆ ಅವನ ಜೇಬಿನಲ್ಲೂ ಹತ್ತು ನಾಣ್ಯಗಳಿವೆ.”

ಒರಟಾಗಿದೆ, ಎಲ್ಲಿ ಒರಟು ಎಂದು ಸ್ಪಷ್ಟವಾಗಿ ಹೇಳಲು ಆಗುತ್ತಿಲ್ಲ. ಪುಣೆ, ಗೋವಾ ಕಡೆಯವರೂ ಸೇರಿ ತಿದ್ದಿಕೊಡಿ.

ತರ್ಕಸಂಗ್ರಹ_ಪುಣೆ
ಶನಿವಾರ, ಬೆಳಿಗ್ಗೆ 10.25

ಮೊದಲ ಸಾಲಿನಲ್ಲೇ ಎಡವಿದ್ದೀರಿ. ‘ಜ್ಞಾನ’ ಎಂಬ ಪದ ಇಲ್ಲಿ ಕೂರುವುದಿಲ್ಲ.

ನ್ಯಾಯದರ್ಶನದಲ್ಲಿ ಜ್ಞಾನ ಎಂದರೆ ಆತ್ಮದಲ್ಲಿ ಹುಟ್ಟುವ ಒಂದು ಗುಣ, ಕ್ಷಣಿಕವಾದ ಘಟನೆ: ಮೊದಲ ಕ್ಷಣದಲ್ಲಿ ಹುಟ್ಟಿ, ಎರಡನೆಯದರಲ್ಲಿ ನಿಂತು, ಮೂರನೆಯದರಲ್ಲಿ ಅಳಿಯುವಂಥದ್ದು. ಅದು ಸುಳ್ಳೂ ಆಗಬಹುದು. ಹಗ್ಗದಲ್ಲಿ ಹಾವು ಕಂಡದ್ದೂ ಜ್ಞಾನವೇ, ಆದರೆ ಅಯಥಾರ್ಥ ಜ್ಞಾನ. ಹೀಗಿರುವಾಗ ‘ಸತ್ಯವಾದದ್ದು ಮಾತ್ರ ಜ್ಞಾನ’ ಎಂದು ಶುರು ಮಾಡಿದರೆ ಶಾಸ್ತ್ರ ಓದಿದವರು ಮೊದಲ ನಿಮಿಷದಲ್ಲೇ ಕೈ ಎತ್ತುತ್ತಾರೆ. ಅವರ ಆಕ್ಷೇಪ ನ್ಯಾಯವಾದದ್ದೇ.

ಗೆಟ್ಟಿಯರ್ ಮಾತನಾಡುತ್ತಿರುವುದಕ್ಕೆ ಹತ್ತಿರದ ಶಾಸ್ತ್ರೀಯ ಪದ ‘ಪ್ರಮಾ’, ಅಂದರೆ ಯಥಾರ್ಥವಾದ ಅರಿವು. ಅಲ್ಲೂ ಎರಡು ಎಚ್ಚರ ಬೇಕು. ಒಂದು, ಪ್ರಮಾ ಕೂಡ ಘಟನೆಯೇ. ಮಲಗಿದ್ದಾಗಲೂ ಇರುವ ಸ್ಥಿತಿಯಲ್ಲ. ‘ನಿದ್ದೆಯಲ್ಲಿರುವಾಗಲೂ ಅವಳಿಗೆ ಮಗ್ಗಿ ಗೊತ್ತು’ ಎನ್ನುತ್ತೇವಲ್ಲ, ಆ ಅರ್ಥ ಪ್ರಮಾದಲ್ಲಿ ಬರುವುದಿಲ್ಲ. ಎರಡು, ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಸ್ಮೃತಿಯನ್ನು ಪ್ರಮಾದಿಂದ ಹೊರಗಿಡುತ್ತಾರೆ. ನ್ಯಾಯದ ಮೊದಲ ಪಾಠದ ಪುಸ್ತಕವಾದ ಅನ್ನಂಭಟ್ಟರ ತರ್ಕಸಂಗ್ರಹದ ಲಕ್ಷಣ (ವ್ಯಾಖ್ಯೆ) ನೋಡಿ: ‘ತದ್ವತಿ ತತ್ಪ್ರಕಾರಕೋಽನುಭವೋ ಯಥಾರ್ಥಃ’. ಯಾವುದರಲ್ಲಿ ಏನಿದೆಯೋ ಅದನ್ನು ಅದೇ ಬಗೆಯಲ್ಲಿ ಹಿಡಿಯುವ ಅನುಭವ ಯಥಾರ್ಥ. ‘ಅನುಭವ’ ಎಂದದ್ದು ನೆನಪನ್ನು ಹೊರಗಿಡಲೆಂದೇ. ಅಥಲ್ಯೆ–ಬೋಡಸ್ ಟಿಪ್ಪಣಿಗಳಿರುವ ಮುಂಬಯಿ ಸಂಸ್ಕೃತ ಮಾಲೆಯ 1897ರ ಆವೃತ್ತಿಯನ್ನು ನಮ್ಮ ಭಾಂಡಾರ್ಕರ್ ಸಂಸ್ಥೆ ಮರುಮುದ್ರಿಸಿದೆ. ಗೆಟ್ಟಿಯರ್ ಜೊತೆಗೆ ಪಕ್ಕದಲ್ಲಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ.

ಡೊಂಬಿವಲಿ_ಫಾಸ್ಟ್
ಶನಿವಾರ, ಬೆಳಿಗ್ಗೆ 11.10

ಶಾಸ್ತ್ರದ ಪದ ಬಿಟ್ಟು ಮನೆಮಾತಿನ ಕ್ರಿಯಾಪದಗಳನ್ನು ಒಮ್ಮೆ ಒರೆಗೆ ಹಚ್ಚಿ. ಪರೀಕ್ಷೆ ಸುಲಭ: ಸುಳ್ಳು ಸಂಗತಿಯೊಂದನ್ನು ಕೊಟ್ಟು, ಕ್ರಿಯಾಪದ ಅದನ್ನು ತಡೆದುಕೊಳ್ಳುತ್ತದೆಯೇ ನೋಡುವುದು.

‘ಹಗ್ಗವನ್ನು ಹಾವೆಂದು ತಿಳಿದು ಹೆದರಿದ.’ ಸಲೀಸಾಗಿ ನಿಲ್ಲುತ್ತದೆ.
‘ಹಗ್ಗವನ್ನು ಹಾವೆಂದು ಭಾವಿಸಿದ.’ ಇದೂ ಸರಿ.
‘ಅದು ಹಾವು ಎಂದು ಅವನಿಗೆ ಗೊತ್ತಿತ್ತು, ಆದರೆ ಅದು ಹಗ್ಗ.’ ಆಗುವುದಿಲ್ಲ. ಕೇಳಿದವರು ‘ಹಾಗಾದರೆ ಗೊತ್ತಿತ್ತು ಅಂತ ಯಾಕೆ ಹೇಳಿದೆ?’ ಎನ್ನುತ್ತಾರೆ.
‘ಹಾವೆಂದು ಅರಿತ, ಆದರೆ ಅದು ಹಗ್ಗ.’ ಇದೂ ಆಗುವುದಿಲ್ಲ.

ಅಂದರೆ ‘ತಿಳಿ’ ಧಾತು ಎರಡು ದೋಣಿಯಲ್ಲಿ ಕಾಲಿಟ್ಟಿದೆ. ‘ನನಗೆ ತಿಳಿದಿದೆ’ ಎಂದಾಗ ನಿಜದ ಕಡೆ, ‘ಹಾವೆಂದು ತಿಳಿದ’ ಎಂದಾಗ ಬರೀ ಎಣಿಕೆಯ ಕಡೆ. ಈ ಲೇಖನದ ಅನುವಾದದಲ್ಲಿ ‘ತಿಳಿ’ ಎಲ್ಲಿಯೂ ಬರಕೂಡದು. ‘ಅವನಿಗೇ ತಿಳಿಯದಂತೆ’ ಎಂಬುದನ್ನೂ ‘ಅವನಿಗೇ ಗೊತ್ತಿಲ್ಲದೆ’ ಎಂದು ಮಾಡಿ. ‘ಗೊತ್ತು’ ಒಂದೇ ಸಾಕು. ಅದು ಚತುರ್ಥಿ ವಿಭಕ್ತಿ ಕೇಳುತ್ತದೆ, ಸ್ಥಿತಿಯನ್ನು ಹೇಳುತ್ತದೆ, ನಿದ್ದೆಯಲ್ಲೂ ಇರುತ್ತದೆ. ಮೇಲೆ ಹೇಳಿದ ಮಗ್ಗಿಯ ತೊಡಕು ಅಲ್ಲಿಗೆ ಕಳೆಯಿತು.

ಇನ್ನು ‘ನಂಬಿಕೆ’. ಕನ್ನಡದಲ್ಲಿ ನಂಬುವುದು ಮುಖ್ಯವಾಗಿ ಮನುಷ್ಯರನ್ನು, ದೇವರನ್ನು. ನಂಬಿಕಸ್ಥ, ನಂಬಿಕೆದ್ರೋಹ, ಎಲ್ಲವೂ ವಿಶ್ವಾಸದ ಕಡೆಯವು. ‘ಜೇಬಿನಲ್ಲಿ ಹತ್ತು ನಾಣ್ಯ ಇದೆ ಎಂದು ನಂಬುತ್ತಾನೆ’ ಎಂದರೆ ಯಾರೋ ವಾದಿಸಿದರೂ ಪಟ್ಟು ಬಿಡದವನ ಹಾಗೆ ಕೇಳಿಸುತ್ತದೆ. ‘ಅಂದುಕೊಂಡಿದ್ದಾನೆ’ ಎನ್ನೋಣವೆಂದರೆ ಅದಕ್ಕೆ ಬೇರೆ ರೋಗ: ‘ಇದೆ ಅಂದುಕೊಂಡಿದ್ದ’ ಎಂದ ಕೂಡಲೇ ‘ಇರಲಿಲ್ಲ’ ಎಂಬುದು ತಾನಾಗಿ ಹಿಂದೆ ಬರುತ್ತದೆ. ಗೆಟ್ಟಿಯರ್‌ಗೆ ಬೇಕಾದದ್ದು ನಿಜಕ್ಕೂ ಸುಳ್ಳಿಗೂ ಒಗ್ಗುವ ತಟಸ್ಥ ಪದ. ನನ್ನ ಓಟು ‘ಎಣಿಸು’ ಅಥವಾ ‘ಭಾವಿಸು’.

ಮಾಟುಂಗಾ_ಪೂರ್ವ
ಶನಿವಾರ, ಮಧ್ಯಾಹ್ನ 12.05

‘ಎಣಿಸು’ ಇಲ್ಲಿ ಬೇಡ, ಸ್ಮಿತ್ ಅದೇ ಪ್ಯಾರಾದಲ್ಲಿ ನಾಣ್ಯ ಎಣಿಸಿದ್ದಾನೆ. ‘ಭಾವಿಸು’ ಸರಿ. ‘ಗೊತ್ತು’ ಒಪ್ಪಿದೆ. ‘ಸಮರ್ಥಿತ’?

ವಾಸ್ಕೊ_ಓದುಗ
ಶನಿವಾರ, ಮಧ್ಯಾಹ್ನ 1.30

‘ಸಮರ್ಥನೆ’ಯಲ್ಲಿ ಆದ ಮೇಲೆ ವಹಿಸಿಕೊಂಡು ಮಾತನಾಡುವ ವಾಸನೆ ಇದೆ. ‘ತಾನು ಮಾಡಿದ್ದನ್ನು ಸಮರ್ಥಿಸಿಕೊಂಡ’ ಎನ್ನುತ್ತೇವೆ. ಇಲ್ಲಿ ಬೇಕಾದದ್ದು ಭಾವಿಸುವ ಹೊತ್ತಿಗೆ ಕೈಯಲ್ಲಿದ್ದ ಪುರಾವೆ. ಯಾರೂ ಕೇಳದಿದ್ದರೂ, ಬಾಯಿಬಿಟ್ಟು ವಾದಿಸಲು ಬಾರದಿದ್ದರೂ ಅದು ಇರಬಹುದು. ‘ತಕ್ಕ ಆಧಾರವಿದೆ’ ಎಂದರೆ ಸಾಕು. ಆಧಾರ ಎಂಬ ಪದಕ್ಕೆ ಇನ್ನೊಂದು ಅನುಕೂಲ: ಆಧಾರ ಗಟ್ಟಿಯಾಗಿದ್ದೂ ಮಾತು ಸುಳ್ಳಾಗಬಹುದು ಎಂಬುದನ್ನು ಯಾರಿಗೂ ವಿವರಿಸಬೇಕಿಲ್ಲ. ಗೆಟ್ಟಿಯರ್ ಪಟ್ಟು ಹಾಕುವ ಮೊದಲು ಎರಡು ಮಾತು ಒಪ್ಪಿಸಿಕೊಳ್ಳುತ್ತಾರಲ್ಲ, ಅದರಲ್ಲಿ ಇದು ಮೊದಲನೆಯದು. ಎರಡನೆಯದು: ಒಂದು ಮಾತಿಗೆ ನನ್ನಲ್ಲಿ ಆಧಾರವಿದ್ದು, ಅದರಿಂದ ಇನ್ನೊಂದು ಮಾತು ತಪ್ಪದೆ ಬರುತ್ತದೆಂದು ಕಂಡು, ಹಾಗೆ ಕಂಡದ್ದರಿಂದಲೇ ಎರಡನೆಯದನ್ನು ಒಪ್ಪಿದರೆ, ಅದಕ್ಕೂ ನನ್ನಲ್ಲಿ ಆಧಾರವಿದೆ. ಲೇಖನ ನಿಂತಿರುವುದು ಈ ಎರಡು ಕಾಲಿನ ಮೇಲೆ. ಕೂಟದಲ್ಲಿ ಜನ ನಾಣ್ಯಗಳಿಗೆ ಧುಮುಕಿ ಈ ಎರಡು ಸಾಲನ್ನು ಹಾರಿಸಿಬಿಟ್ಟರೆ ಆಮೇಲೆ ಚರ್ಚೆ ಹಳಿ ತಪ್ಪುತ್ತದೆ.

ಸ್ಮಿತ್, ಜೋನ್ಸ್ ದೂರ ಎನಿಸಿದರೆ ಮುಂಬಯಿಗೆ ಒಗ್ಗುವ ಒಂದು ಉದಾಹರಣೆ: ದಾದರ್ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಕೆಟ್ಟು, ‘ಕಲ್ಯಾಣ್ ಸ್ಲೋ, 2 ನಿಮಿಷ’ ಎಂಬಲ್ಲೇ ನಿಂತಿದೆ. ಒಬ್ಬಳು ಮೆಟ್ಟಿಲಿಳಿದು ಬಂದು ನೋಡಿ ‘ಎರಡು ನಿಮಿಷದಲ್ಲಿ ಕಲ್ಯಾಣ್ ಸ್ಲೋ’ ಎಂದು ಭಾವಿಸುತ್ತಾಳೆ. ಆಕಸ್ಮಿಕವಾಗಿ ಎರಡೇ ನಿಮಿಷಕ್ಕೆ ಗಾಡಿ ಬರುತ್ತದೆ. ಅವಳಿಗೆ ಗೊತ್ತಿತ್ತೇ? ರಸೆಲ್ 1948ರಲ್ಲಿ ಕೊಟ್ಟ ನಿಂತ ಗಡಿಯಾರದ ಉದಾಹರಣೆಯ ರೂಪ ಇದು.

ಕಲಿನಾ_ಕಟ್ಟೆ
ಶನಿವಾರ, ಸಂಜೆ 6.15

ಇಂಡಿಕೇಟರ್ ಉದಾಹರಣೆ ಒಳ್ಳೆಯದು, ಆದರೆ ಹೀಗೇ ಬಿಟ್ಟರೆ ಸೋರುತ್ತದೆ. ದಾದರ್‌ನಲ್ಲಿ ಧ್ವನಿವರ್ಧಕದ ಘೋಷಣೆಯೂ ಇರುತ್ತದೆ, ದಿನಾ ಓಡಾಡುವವಳಿಗೆ ವೇಳಾಪಟ್ಟಿ ಬಾಯಿಪಾಠ, ಜನ ಪ್ಲಾಟ್‌ಫಾರ್ಮಿನ ಅಂಚಿಗೆ ಸರಿಯುವುದೂ ಕಾಣುತ್ತದೆ. ಇವುಗಳಲ್ಲಿ ಒಂದು ಉಳಿದರೂ ಕೂಟದಲ್ಲೊಬ್ಬರು ‘ಅವಳಿಗೆ ಬೇರೆ ಆಧಾರದಿಂದ ಗೊತ್ತೇ ಇತ್ತು’ ಎಂದುಬಿಡುತ್ತಾರೆ, ಅದು ಸರಿಯಾದ ಉತ್ತರವೇ. ಆದ್ದರಿಂದ ಅವಳನ್ನು ಮೊದಲ ಸಲ ಊರಿಗೆ ಬಂದವಳನ್ನಾಗಿ ಮಾಡಿ, ಘೋಷಣೆ ನಿಲ್ಲಿಸಿ, ಹೊತ್ತನ್ನು ಮಧ್ಯಾಹ್ನದ ಖಾಲಿ ವೇಳೆಗೆ ಇಡಿ. ಇನ್ನೊಂದು ತೂತು: ಇಂಡಿಕೇಟರ್ ಆಗಾಗ ಕೆಡುತ್ತದೆಂದು ಅವಳಿಗೆ ಗೊತ್ತಿದ್ದರೆ ಆಧಾರವೇ ಸಡಿಲ, ಆಗ ಮೂರನೇ ಷರತ್ತೇ ಈಡೇರಲಿಲ್ಲ.

ಇಂಥ ಉದಾಹರಣೆ ಕಟ್ಟುವ ವಿಧಾನವನ್ನು ಲಿಂಡಾ ಝಾಗ್‌ಜೆಬ್ಸ್ಕಿ 1994ರಲ್ಲಿ ಬಿಡಿಸಿಟ್ಟರು. ಮೊದಲು ಗಟ್ಟಿ ಆಧಾರವಿರುವ ಒಂದು ಭಾವನೆ (ಒಬ್ಬ ಹೀಗಿದೆ ಎಂದು ಭಾವಿಸಿದ್ದು) ತೆಗೆದುಕೊಳ್ಳಿ. ದುರದೃಷ್ಟದ ಒಂದು ಪೆಟ್ಟು ಕೊಟ್ಟು, ಸಾಮಾನ್ಯವಾಗಿ ಅದು ಸುಳ್ಳಾಗಬೇಕಾದ ಸ್ಥಿತಿಗೆ ತನ್ನಿ. ಆಮೇಲೆ ಆ ಪೆಟ್ಟಿಗೆ ಸಂಬಂಧವೇ ಇಲ್ಲದ ಅದೃಷ್ಟದ ಇನ್ನೊಂದು ಪೆಟ್ಟಿನಿಂದ ಅದನ್ನು ಮತ್ತೆ ನಿಜ ಮಾಡಿ. ಎರಡು ಆಕಸ್ಮಿಕ ಒಂದನ್ನೊಂದು ಹೊಡೆದುಹಾಕಬೇಕು. ಅವರ ಮುಖ್ಯ ವಾದ ಇದಕ್ಕಿಂತ ದೊಡ್ಡದು: ಆಧಾರಕ್ಕೂ ಸತ್ಯಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಈ ಪಾಕ ಕೆಲಸ ಮಾಡುತ್ತದೆ. ನಾಲ್ಕನೇ ಷರತ್ತು, ಐದನೇ ಷರತ್ತು ಏನೇ ಸೇರಿಸಿ, ಸಂದು ಉಳಿದಿರುವ ತನಕ ಹೊಸ ಉದಾಹರಣೆ ಹುಟ್ಟುತ್ತದೆ. ಸಂದನ್ನೇ ಮುಚ್ಚಿದರೆ, ಅಂದರೆ ಸುಳ್ಳಾಗಲು ಸಾಧ್ಯವೇ ಇಲ್ಲದ ಆಧಾರ ಬೇಕೆಂದರೆ, ನಮಗೆ ಗೊತ್ತಿರುವುದು ಬಹುತೇಕ ಏನೂ ಉಳಿಯುವುದಿಲ್ಲ.

ನಡುವೆ ಬಂದ ಪರಿಹಾರಗಳಲ್ಲಿ ಎರಡನ್ನು ಮಾತ್ರ ಕೂಟಕ್ಕೆ ತನ್ನಿ. ಮೈಕೆಲ್ ಕ್ಲಾರ್ಕ್ ಅದೇ 1963ರಲ್ಲಿ ‘ಆಧಾರದ ಸರಪಳಿಯಲ್ಲಿ ಸುಳ್ಳು ಕೊಂಡಿ ಇರಬಾರದು’ ಎಂದರು. ನಾಣ್ಯದ ಉದಾಹರಣೆ ಅದಕ್ಕೆ ತಕ್ಷಣ ಬಗ್ಗುತ್ತದೆ, ‘ಕೆಲಸ ಜೋನ್ಸ್‌ಗೆ’ ಎಂಬುದು ಸುಳ್ಳು ಕೊಂಡಿ. ಬಗ್ಗದ್ದು ಆಲ್ವಿನ್ ಗೋಲ್ಡ್‌ಮನ್ 1976ರಲ್ಲಿ ಬಳಸಿದ, ಕಾರ್ಲ್ ಜಿನೆಟ್ ಸೂಚಿಸಿದ್ದೆಂದು ಅವರೇ ಹೇಳಿದ ಕಣಜದ ಉದಾಹರಣೆ. ಊರ ತುಂಬ ಮುಂಭಾಗ ಮಾತ್ರ ಇರುವ ಹುಸಿ ಕಣಜಗಳು. ಅಲ್ಲಿಗೆ ಬಂದವನು, ಇದು ಗೊತ್ತಿಲ್ಲದೆ, ಅಲ್ಲಿದ್ದ ಒಂದೇ ಒಂದು ನಿಜ ಕಣಜವನ್ನು ನೋಡಿ ‘ಕಣಜ’ ಎನ್ನುತ್ತಾನೆ. ಕಣ್ಣು ಸರಿ, ಬೆಳಕು ಸರಿ, ಸುಳ್ಳು ಕೊಂಡಿ ಯಾವುದೂ ಇಲ್ಲ.

ಇದಕ್ಕೆ ನಮ್ಮ ಕಡೆಯ ರೂಪ: ಸಾಲಾಗಿ ಇಟ್ಟ ನೂರು ಪೆಟ್ಟಿಗೆಯ ಮೇಲೂ ‘ದೇವಗಡ ಹಾಪುಸ್’ ಚೀಟಿ ಇದೆ, ತೊಂಬತ್ತೊಂಬತ್ತರಲ್ಲಿ ಇರುವುದು ನಮ್ಮ ಧಾರವಾಡದ ಆಪೂಸು ಎಂದುಕೊಳ್ಳಿ. ಒಬ್ಬ ಕೈಗೆ ಸಿಕ್ಕ ಪೆಟ್ಟಿಗೆ ತೆಗೆದ, ಅದೇ ನೂರನೆಯದು. ‘ಇದು ದೇವಗಡದ್ದು’ ಎಂದು ಅವನಿಗೆ ಗೊತ್ತೇ?

ಡೊಂಬಿವಲಿ_ಫಾಸ್ಟ್
ಶನಿವಾರ, ಸಂಜೆ 7.00

ಮಾವಿನ ಉದಾಹರಣೆ ಕಣಜದ ಜಾಗದಲ್ಲಿ ಪೂರ್ತಿ ಕೂರುವುದಿಲ್ಲ. ಕಣಜದವನು ವಸ್ತುವನ್ನೇ ನೋಡುತ್ತಾನೆ, ಮಾವಿನವನು ಚೀಟಿ ಓದುತ್ತಾನೆ. ಇನ್ನೊಬ್ಬರ ಮಾತಿನ ಮೇಲೆ ನಿಂತ ಭಾವನೆ ಅದು, ಶಬ್ದಪ್ರಮಾಣದ ಕಡೆಗೆ ಹೋಯಿತು. ‘ಚೀಟಿ ಹಾಕುವವರು ನಿಜ ಹೇಳುತ್ತಾರೆ’ ಎಂಬ ಸುಳ್ಳು ಕೊಂಡಿ ಅಲ್ಲಿ ನುಸುಳಿದೆ ಎಂದು ಕ್ಲಾರ್ಕ್ ಪಕ್ಷದವರು ಹಿಡಿಯುತ್ತಾರೆ. ಹಣ್ಣನ್ನೇ ಕೊಯ್ದು ತೋರಿಸಿ, ಬಣ್ಣ ವಾಸನೆ ಬಲ್ಲವನನ್ನು ನಿಲ್ಲಿಸಿ, ಆಗ ಹತ್ತಿರ ಬರುತ್ತದೆ.

ಕಲಿನಾ_ಕಟ್ಟೆ
ಶನಿವಾರ, ಸಂಜೆ 7.20

ಒಪ್ಪಿದೆ. ಹಣ್ಣು ಕೊಯ್ದ ರೂಪವನ್ನೇ ಇಟ್ಟುಕೊಳ್ಳೋಣ. ಕಣಜದ ಉದಾಹರಣೆಯಲ್ಲಿ ‘ಗೊತ್ತಿಲ್ಲ’ ಎಂಬ ತೀರ್ಪು ಎಲ್ಲರಿಗೂ ಅಷ್ಟು ಗಟ್ಟಿಯಾಗಿ ಬರುವುದಿಲ್ಲ ಎಂಬುದೂ ನೆನಪಿರಲಿ. ನಾಣ್ಯದಲ್ಲಿ ಆಕಸ್ಮಿಕ ಆಧಾರಕ್ಕೂ ಸತ್ಯಕ್ಕೂ ನಡುವೆ ಬಂದು ನಿಲ್ಲುತ್ತದೆ, ಕಣಜದಲ್ಲಿ ಸುತ್ತಲಿನ ಊರಿನಲ್ಲಿದೆ. ಡಂಕನ್ ಪ್ರಿಚರ್ಡ್ ಈ ಎರಡನ್ನೂ ಬೇರೆ ಬೇರೆ ಹೆಸರಿಟ್ಟು ಕರೆದರು.

ತರ್ಕಸಂಗ್ರಹ_ಪುಣೆ
ಶನಿವಾರ, ರಾತ್ರಿ 9.10

ಈ ಪಾಕ ಹೊಸದಲ್ಲ. ಎಂಟನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಧರ್ಮಕೀರ್ತಿಯ ಮೇಲೆ ವ್ಯಾಖ್ಯಾನ ಬರೆಯುತ್ತ ಎರಡು ಉದಾಹರಣೆ ಕೊಡುತ್ತಾನೆ. ಮಾಂಸ ಸುಡಲು ಆಗತಾನೇ ಬೆಂಕಿ ಹೊತ್ತಿಸಿದ್ದಾರೆ, ಹೊಗೆ ಇನ್ನೂ ಎದ್ದಿಲ್ಲ. ಮೇಲೆ ಹುಳುಗಳ ದಂಡು ಮುತ್ತಿದೆ. ದೂರದವನು ಅದನ್ನೇ ಹೊಗೆ ಎಂದು ತಿಳಿದು ‘ಬೆಂಕಿ ಇದೆ’ ಎಂದು ಊಹಿಸುತ್ತಾನೆ. ಇನ್ನೊಂದು, ಬಿಸಿಲುಗುದುರೆ ಕಂಡು ನೀರೆಂದು ಹೋದವನಿಗೆ ಅಲ್ಲೇ ಬಂಡೆಯ ಕೆಳಗೆ ನಿಜವಾಗಿ ನೀರು ಸಿಗುತ್ತದೆ. ಹನ್ನೆರಡನೇ ಶತಮಾನದ ಶ್ರೀಹರ್ಷ ಖಂಡನಖಂಡಖಾದ್ಯದಲ್ಲಿ ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆ ಎಂದಾಗ ‘ಐದು’ ಎಂದು ಬಾಯಿಗೆ ಬಂದದ್ದು ಹೇಳಿ, ಅದು ಸರಿಯಾಗಿಬಿಡುವ ಉದಾಹರಣೆ ತರುತ್ತಾನೆ, ಮಂಜನ್ನು ಹೊಗೆ ಎಂದು ಕಂಡು ಬೆಂಕಿ ಊಹಿಸಿದ್ದನ್ನೂ ತರುತ್ತಾನೆ. ಇವುಗಳನ್ನು ಗೆಟ್ಟಿಯರ್ ಚರ್ಚೆಯ ಎದುರಿಗಿಟ್ಟು ಬರೆದವರು ಆಕ್ಸ್‌ಫರ್ಡಿನಲ್ಲಿ ಸ್ಪಾಲ್ಡಿಂಗ್ ಪೀಠದಲ್ಲಿದ್ದ ಬಿಮಲಕೃಷ್ಣ ಮತಿಲಾಲ್, 1986ರಲ್ಲಿ.

ಕವಡೆಯ ಉದಾಹರಣೆಯನ್ನು ಗೆಟ್ಟಿಯರ್ ಉದಾಹರಣೆ ಎನ್ನಬೇಡಿ. ಅಲ್ಲಿ ಆಧಾರವೇ ಇಲ್ಲ, ಬರೀ ಊಹೆ. ಮಂಜು–ಹೊಗೆಯದು ಮಾತ್ರ ಪಕ್ಕಾ.

ಇನ್ನೂ ಮುಖ್ಯವಾದ ಮಾತು, ‘ಇದೆಲ್ಲ ನಮ್ಮವರು ಮೊದಲೇ ಹೇಳಿದ್ದರು’ ಎಂದು ಇಲ್ಲಿಗೆ ಮುಚ್ಚಬೇಡಿ. ಗುರಿಗಳು ಬೇರೆ. ಗೆಟ್ಟಿಯರ್ ಒಂದು ಲಕ್ಷಣ ಸಾಲದು ಎಂದರು. ಶ್ರೀಹರ್ಷನದು ಲಕ್ಷಣ ಹೇಳುವ ಉದ್ಯಮದ ಮೇಲೆಯೇ ದಾಳಿ. ಪ್ರಮಾಕ್ಕೆ ನೀವು ಕೊಡುವ ಯಾವ ಲಕ್ಷಣವೂ ನಿಲ್ಲದು ಎಂಬುದು ಅವನ ಹಟ. ಅದಕ್ಕೆ ಉತ್ತರವಾಗಿಯೇ ಹದಿನಾಲ್ಕನೇ ಶತಮಾನದಲ್ಲಿ ಮಿಥಿಲೆಯ ಗಂಗೇಶ ತತ್ತ್ವಚಿಂತಾಮಣಿಯಲ್ಲಿ ಲಕ್ಷಣಗಳನ್ನು ಒಂದೊಂದಾಗಿ ಶೋಧಿಸಿದ್ದು. ಗಂಗೇಶನ ಲಕ್ಷಣದಲ್ಲಿ ‘ಆಧಾರ’ ಎಂಬ ಷರತ್ತೇ ಇಲ್ಲ! ಅಕ್ಷರಶಃ ಓದಿದರೆ ಮಂಜು ಕಂಡು ಬೆಂಕಿ ಊಹಿಸಿದವನ ಅನುಮಿತಿಯೂ (ಊಹಿಸಿ ಪಡೆದ ಅರಿವೂ) ಪ್ರಮಾ. ಕೆಟ್ಟದ್ದು ಅದಕ್ಕಿಂತ ಹಿಂದಿನ ಪರಾಮರ್ಶ, ಅಂದರೆ ‘ಬೆಂಕಿ ಇದ್ದಲ್ಲೇ ಇರುವ ಹೊಗೆ ಇಲ್ಲಿದೆ’ ಎಂಬ ಅರಿವು. ಆ ಅನುಮಿತಿ ಪ್ರಮಾಣದಿಂದ (ಸರಿಯಾದ ಅರಿವಿನ ಸಾಧನದಿಂದ) ಹುಟ್ಟಿದ್ದಲ್ಲವಾದ್ದರಿಂದ ಪ್ರಮಾ ಅಲ್ಲ ಎಂದು ಓದುವ ವಿದ್ವಾಂಸರೂ ಇದ್ದಾರೆ. ಈ ಜಗಳ ಇನ್ನೂ ಬಿಸಿಯಾಗಿದೆ, ಕೂಟಕ್ಕೆ ಅದನ್ನು ಹಾಗೇ ತನ್ನಿ.

ಪಣಜಿ_ಪಾಟೊ
ಭಾನುವಾರ, ಬೆಳಿಗ್ಗೆ 8.30

ಈ ‘ಗೊತ್ತಿಲ್ಲ’ ಎಂಬ ತೀರ್ಪು ಅಮೆರಿಕದವರಿಗೆ ಮಾತ್ರ ಬರುವಂಥದ್ದು, ನಮ್ಮ ಉಪಖಂಡದವರಿಗೆ ಬರುವುದಿಲ್ಲ ಎಂಬ ಸಂಶೋಧನೆ ಇತ್ತಲ್ಲವೇ?

ಕಲಿನಾ_ಕಟ್ಟೆ
ಭಾನುವಾರ, ಬೆಳಿಗ್ಗೆ 9.05

ಇತ್ತು. ವೈನ್‌ಬರ್ಗ್, ನಿಕಲ್ಸ್, ಸ್ಟಿಚ್ 2001ರಲ್ಲಿ ಹಾಗೆ ಬರೆದರು. ಆ ಕೆಲಸದಿಂದ ‘ಪ್ರಯೋಗಾತ್ಮಕ ತತ್ತ್ವಶಾಸ್ತ್ರ’ ಎಂಬ ಕವಲಿಗೆ ದೊಡ್ಡ ಬಲ ಬಂತು. ಆದರೆ ಬೇರೆಯವರು ಮತ್ತೆ ಪರೀಕ್ಷಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಮಶೆರಿ ಮತ್ತು ಸಂಗಡಿಗರು (ಸ್ಟಿಚ್ ಕೂಡ ಅದರಲ್ಲಿದ್ದಾರೆ) ಬ್ರೆಜಿಲ್, ಭಾರತ, ಜಪಾನ್, ಅಮೆರಿಕ ನಾಲ್ಕೂ ಕಡೆ ಕೇಳಿ, ತೀರ್ಪು ಬಹುಮಟ್ಟಿಗೆ ಒಂದೇ ಎಂದು ಪ್ರಕಟಿಸಿದರು. 2001ರದ್ದನ್ನು ಮಾತ್ರ ಉಲ್ಲೇಖಿಸುವ ರೂಢಿ ಇನ್ನೂ ಇದೆ, ಅದು ತಪ್ಪು.

ಆದರೂ ಡೊಂಬಿವಲಿಯವರು ಮೇಲೆ ಮಾಡಿದ ಪರೀಕ್ಷೆಯ ಮಹತ್ವ ಕಡಿಮೆಯಾಗುವುದಿಲ್ಲ. ಜಪಾನಿ ಭಾಷೆಯ ಎರಡು ಕ್ರಿಯಾಪದಗಳಲ್ಲಿ ಯಾವುದನ್ನು ಬಳಸಿ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗಬಹುದು ಎಂದು ಮಿಜುಮೊಟೊ ತೋರಿಸಿದ್ದಾರೆ. ನಾವು ‘ತಿಳಿದಿತ್ತೇ?’ ಎಂದು ಕೇಳಿದರೆ ಒಂದು ಉತ್ತರ, ‘ಗೊತ್ತಿತ್ತೇ?’ ಎಂದರೆ ಇನ್ನೊಂದು ಬಂದರೆ, ಅದು ಜನರ ತೀರ್ಪಿನ ವ್ಯತ್ಯಾಸವಲ್ಲ, ಪ್ರಶ್ನೆಯ ವ್ಯತ್ಯಾಸ. ಆದ್ದರಿಂದ ಕೂಟದಲ್ಲಿ ಕೈ ಎತ್ತಿಸಬೇಡಿ. ಚರ್ಚೆಗೆ ಮುನ್ನ ಚೀಟಿಯಲ್ಲಿ ಬರೆಸಿಕೊಳ್ಳಿ, ಅರ್ಧ ಜನಕ್ಕೆ ‘ಗೊತ್ತಿತ್ತೇ’, ಅರ್ಧ ಜನಕ್ಕೆ ‘ತಿಳಿದಿತ್ತೇ’. ಕೈ ಎತ್ತಿಸಿದರೆ ಮೊದಲೆತ್ತಿದ ಇಬ್ಬರನ್ನು ನೋಡಿ ಉಳಿದವರ ಕೈ ಏಳುತ್ತದೆ.

ತರ್ಕಸಂಗ್ರಹ_ಪುಣೆ
ಭಾನುವಾರ, ಬೆಳಿಗ್ಗೆ 10.40

ಭಾಷೆ ಬದಲಾದಾಗ ವಾದ ಎಲ್ಲಿ ಕುಂಟುತ್ತದೆ ಎಂಬುದಕ್ಕೆ ಪುಣೆಯಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿದೆ. 1983ರಲ್ಲಿ ದಯಾಕೃಷ್ಣ ಮತ್ತು ಮೇ. ಪುಂ. ರೇಗೆ ಸೇರಿ ಸಂಸ್ಕೃತ ಪಂಡಿತರನ್ನೂ ಪಾಶ್ಚಾತ್ಯ ತತ್ತ್ವಶಾಸ್ತ್ರ ಕಲಿತವರನ್ನೂ ಎದುರುಬದುರು ಕೂರಿಸಿದರು. ವಿಷಯ, ರಸೆಲ್ ಹೇಳುವ ‘ಪ್ರೊಪೊಸಿಷನ್’. ಅದನ್ನು ಸಂಸ್ಕೃತಕ್ಕೆ ತಂದು ನೈಯಾಯಿಕರ ಮುಂದಿಟ್ಟರು. ಆ ಮಾತುಕತೆ ‘ಸಂವಾದ’ ಎಂಬ ಹೆಸರಿನಲ್ಲಿ 1991ರಲ್ಲಿ ಪುಸ್ತಕವಾಯಿತು. ತೊಡಕು ಪದದ್ದಲ್ಲ. ಯಾರ ಮನಸ್ಸಿನಲ್ಲೂ ಇಲ್ಲದೆ, ಯಾವ ಭಾಷೆಯ ವಾಕ್ಯವೂ ಆಗದೆ, ತಾನೇ ನಿಜವೋ ಸುಳ್ಳೋ ಆಗಿ ನಿಂತಿರುವ ವಸ್ತು ನ್ಯಾಯದ ಪದಾರ್ಥಗಳ ಪಟ್ಟಿಯಲ್ಲಿ ಇಲ್ಲ. ಅಲ್ಲಿ ನಿಜ, ಸುಳ್ಳು ಆಗುವುದು ಜ್ಞಾನ.

ಗೆಟ್ಟಿಯರ್ ಲೇಖನದಲ್ಲೂ ಅದೇ ವಸ್ತು ಪ್ರತಿ ಸಾಲಿನಲ್ಲಿದೆ. ಕನ್ನಡದಲ್ಲಿ ಅದಕ್ಕೆ ಏನು ಮಾಡುತ್ತೀರಿ?

ಡೊಂಬಿವಲಿ_ಫಾಸ್ಟ್
ಭಾನುವಾರ, ಬೆಳಿಗ್ಗೆ 11.30

ಹೊಸ ಪದ ಟಂಕಿಸಬೇಕಿಲ್ಲ, ವ್ಯಾಕರಣ ಮಾಡಿಕೊಟ್ಟಿದೆ. ‘ಗಾಡಿ ಬಂದದ್ದು’ ಮತ್ತು ‘ಗಾಡಿ ಬಂತು ಎಂಬುದು’, ಎರಡನ್ನೂ ನೋಡಿ. ‘ಗಾಡಿ ಬಂದದ್ದು ಸುಳ್ಳು’ ಎಂದರೆ ನಾಲಿಗೆ ತಡವರಿಸುತ್ತದೆ, ‘ಗಾಡಿ ಬಂತು ಎಂಬುದು ಸುಳ್ಳು’ ಎಂದರೆ ಏನೂ ತೊಂದರೆ ಇಲ್ಲ. ಮೊದಲನೆಯದು ನಡೆದ ಸಂಗತಿ, ಎರಡನೆಯದು ನಿಜವೋ ಸುಳ್ಳೋ ಆಗಬಲ್ಲ ಮಾತಿನ ಹುರುಳು. ‘ಬಂದದ್ದು ಗೊತ್ತು’ ಸಹಜ; ‘ಬಂತೆಂದು ಭಾವಿಸಿದ’ ಸಹಜ; ‘ಬಂದದ್ದನ್ನು ಭಾವಿಸಿದ’ ಕನ್ನಡವೇ ಅಲ್ಲ. ಅನುವಾದದಲ್ಲಿ ಸತ್ಯಾಸತ್ಯದ ಮಾತು ಬಂದ ಕಡೆಯಲ್ಲೆಲ್ಲ ‘ಎಂಬುದು’ ಇಟ್ಟರೆ ರಸೆಲ್‌ನ ವಸ್ತು ಹೆಸರಿಲ್ಲದೆಯೇ ಬಂದು ಕೂರುತ್ತದೆ.

ಗೆಟ್ಟಿಯರ್ ಕೊಟ್ಟ ಎರಡನೇ ಉದಾಹರಣೆಗೂ ಒಂದು ಎಚ್ಚರಿಕೆ. ‘ಜೋನ್ಸ್ ಬಳಿ ಫೋರ್ಡ್ ಕಾರಿದೆ, ಇಲ್ಲವೇ ಬ್ರೌನ್ ಬಾರ್ಸಿಲೋನಾದಲ್ಲಿದ್ದಾನೆ’ ಎಂದು ಬರೆದರೆ ‘ಇಲ್ಲವೇ’ ಎರಡರಲ್ಲಿ ಒಂದೇ ಒಂದು ಎಂಬ ಅರ್ಥ ಕೊಡುತ್ತದೆ, ಜೊತೆಗೆ ಸ್ಮಿತ್‌ಗೆ ಅನುಮಾನ ಇದ್ದ ಹಾಗೂ ಕೇಳಿಸುತ್ತದೆ. ಅವನಿಗೆ ಕಾರಿನ ಬಗ್ಗೆ ಯಾವ ಅನುಮಾನವೂ ಇಲ್ಲ. ‘ಈ ಎರಡರಲ್ಲಿ ಕನಿಷ್ಠ ಒಂದು ನಿಜ’ ಎಂದು ಬಿಡಿಸಿ ಬರೆಯಿರಿ.

ವಾಸ್ಕೊ_ಓದುಗ
ಭಾನುವಾರ, ಮಧ್ಯಾಹ್ನ 2.15

ಒಂದು ಪ್ರಶ್ನೆ ಖಂಡಿತ ಬರುತ್ತದೆ, ಉತ್ತರ ಇಟ್ಟುಕೊಂಡಿರಿ: ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಎಂದು ಇಷ್ಟು ಕೂದಲು ಸೀಳುವುದು ಏತಕ್ಕೆ?

ಎಡ್ವರ್ಡ್ ಕ್ರೇಗ್ 1990ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ‘ಗೊತ್ತು’ ಎಂದರೇನು ಎಂದು ಕೇಳುವ ಬದಲು, ಮನುಷ್ಯರಿಗೆ ಅಂಥದ್ದೊಂದು ಪದ ಏಕೆ ಬೇಕಾಯಿತು ಎಂದು ಕೇಳಿದರು. ಹುಲಿ ಬಂತೇ, ನೀರೆಲ್ಲಿದೆ ಎಂದು ಇನ್ನೊಬ್ಬರನ್ನು ಕೇಳಿಯೇ ಬದುಕಬೇಕಾದವರಿಗೆ ‘ಇವರನ್ನು ಕೇಳಬಹುದು’ ಎಂದು ಗುರುತು ಹಾಕುವ ಪದ ಬೇಕು. ಆ ಗುರುತೇ ‘ಗೊತ್ತು’. ಅಲ್ಲಿಂದ ಮಿರಾಂಡಾ ಫ್ರಿಕರ್ 2007ರಲ್ಲಿ ಮುಂದಿನ ಹೆಜ್ಜೆ ಇಟ್ಟರು: ಗುರುತು ಹಾಕುವವರ ಕಣ್ಣಿನಲ್ಲಿ ಪೂರ್ವಗ್ರಹ ಇದ್ದರೆ? ನಿಜ ಗೊತ್ತಿರುವವಳ ಮಾತಿಗೆ, ಅವಳು ಯಾರು ಎಂಬ ಕಾರಣಕ್ಕೆ ಬೆಲೆ ಕಡಿಮೆ ಬಿದ್ದರೆ ಅದು ಒಂದು ಬಗೆಯ ಅನ್ಯಾಯ. ತನಗಾಗುತ್ತಿರುವುದನ್ನು ಹೇಳಲು ಸಮಾಜದಲ್ಲಿ ಪದವೇ ಇಲ್ಲದಿದ್ದರೆ ಅದು ಇನ್ನೊಂದು ಬಗೆಯದು. ಎರಡನೆಯದಕ್ಕೆ ಫ್ರಿಕರ್ ಕೊಡುವ ಉದಾಹರಣೆ 1970ರ ದಶಕದ ಅಮೆರಿಕದ್ದು, ‘ಲೈಂಗಿಕ ಕಿರುಕುಳ’ ಎಂಬ ಪದ ಹುಟ್ಟುವ ಮೊದಲಿನದು. ಕಿರುಕುಳ ಇತ್ತು, ಅನುಭವಿಸಿದವಳಿಗೆ ದೂರಿನಲ್ಲಿ ಬರೆಯಲು ಹೆಸರಿರಲಿಲ್ಲ.

ನಮ್ಮಲ್ಲಿ ಇದರ ಪಕ್ಕದಲ್ಲಿ ಓದಬೇಕಾದ್ದು ಗೋಪಾಲ್ ಗುರು ಮತ್ತು ಸುಂದರ್ ಸರುಕ್ಕೈ ನಡುವಿನ ವಾಗ್ವಾದ. ಭಾರತದ ಸಮಾಜಶಾಸ್ತ್ರಗಳಲ್ಲಿ ಸಿದ್ಧಾಂತ ಕಟ್ಟುವವರು ಒಂದು ಜಾತಿಯವರು, ಮಾಹಿತಿ ಒದಗಿಸುವವರು ಇನ್ನೊಂದು ಜಾತಿಯವರು ಎಂಬ ಸ್ಥಿತಿಯನ್ನು ಗುರು 2002ರಲ್ಲಿ ಎತ್ತಿ ತೋರಿಸಿದರು. ಅದು ಪ್ರಕಟವಾದದ್ದು ಮುಂಬಯಿಯ ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ. ಅನುಭವಿಸದವರಿಗೆ ಅನುಭವದ ಸಿದ್ಧಾಂತ ಕಟ್ಟುವ ಹಕ್ಕಿದೆಯೇ ಎಂಬುದನ್ನು ಸರುಕ್ಕೈ ಅಲ್ಲಿಂದ ಎತ್ತಿಕೊಂಡರು. ಇಬ್ಬರ ಬರಹಗಳೂ ಸೇರಿ 2012ರಲ್ಲಿ ‘ದಿ ಕ್ರ್ಯಾಕ್ಡ್ ಮಿರರ್’ ಆಗಿ ಬಂತು. ಗೆಟ್ಟಿಯರ್‌ನಿಂದ ಇಲ್ಲಿಗೆ ನೇರ ದಾರಿ ಇದೆ, ಮೂರನೇ ಸಭೆಗೆ ಇದನ್ನೇ ಇಡಿ. ಎರಡನೆಯದಕ್ಕೆ ಝಾಗ್‌ಜೆಬ್ಸ್ಕಿ.

ಕಲಿನಾ_ಕಟ್ಟೆ
ಭಾನುವಾರ, ಸಂಜೆ 5.50

ನಡುವೆ ತಿಮೊಥಿ ವಿಲಿಯಂಸನ್ ಅವರನ್ನು ಬಿಡಬೇಡಿ, ಅರ್ಧ ಗಂಟೆ ಸಾಕು. 2000ದಲ್ಲಿ ಅವರು ಹೇಳಿದ್ದು: ‘ಗೊತ್ತು’ ಎಂಬುದನ್ನು ಬಿಡಿಭಾಗಗಳಾಗಿ ಒಡೆಯುವ ಪ್ರಯತ್ನವನ್ನೇ ಬಿಡಿ, ಅದನ್ನೇ ಮೊದಲು ಇಟ್ಟುಕೊಂಡು ಆಧಾರ, ಭಾವನೆಗಳನ್ನು ಅದರಿಂದ ವಿವರಿಸಿ. ‘ನನಗೆ ಗೊತ್ತು’ ಎಂಬಲ್ಲಿ ಭಾವಿಸುವ ಕ್ರಿಯೆಯ ಸುಳಿವೇ ಇಲ್ಲವಲ್ಲ, ಕನ್ನಡ ಅವರ ಪಕ್ಷ ಎಂದು ಯಾರಾದರೂ ಹೇಳಿಯಾರು. ಅದಕ್ಕೆ ಬಗ್ಗಬೇಡಿ. ವ್ಯಾಕರಣ ಪ್ರಶ್ನೆಯನ್ನು ಚೊಕ್ಕ ಮಾಡಿಕೊಡುತ್ತದೆ, ಉತ್ತರ ಕೊಡುವುದಿಲ್ಲ.

ಮತ್ತೆ ಕರಡಿಗೆ ಬಂದರೆ, ಯಾರೂ ಮುಟ್ಟದ ಒಂದು ತಪ್ಪು ಉಳಿದಿದೆ, ಅದೇ ಎಲ್ಲಕ್ಕಿಂತ ದೊಡ್ಡದು. ‘ಕೆಲಸ ಸಿಗಲಿರುವವನ ಜೇಬಿನಲ್ಲಿ ಹತ್ತು ನಾಣ್ಯಗಳಿವೆ.’ ಸ್ಮಿತ್‌ನ ತಲೆಯಲ್ಲಿ ‘ಕೆಲಸ ಸಿಗಲಿರುವವನು’ ಎಂದರೆ ಜೋನ್ಸ್. ಓದುಗನೂ ಹಾಗೆ ಓದಿದರೆ ಸ್ಮಿತ್ ಭಾವಿಸಿದ್ದು ಜೋನ್ಸ್‌ನ ಬಗ್ಗೆ. ಆಗ ಸ್ಮಿತ್‌ನ ಜೇಬಿನ ನಾಣ್ಯಗಳು ಅದನ್ನು ನಿಜ ಮಾಡಲಾರವು, ಇಡೀ ಉದಾಹರಣೆ ಕುಸಿಯುತ್ತದೆ. ಕೀತ್ ಡಾನೆಲನ್ 1966ರಲ್ಲಿ ಬಿಡಿಸಿ ತೋರಿಸಿದ ಭೇದ ಇದು: ವರ್ಣನೆಯನ್ನು ಬಳಸಿ ಒಬ್ಬನನ್ನು ಬೊಟ್ಟುಮಾಡುವುದು ಒಂದು, ಆ ವರ್ಣನೆಗೆ ಯಾರು ಹೊಂದುತ್ತಾರೋ ಅವರ ಬಗ್ಗೆ ಹೇಳುವುದು ಇನ್ನೊಂದು. ಗೆಟ್ಟಿಯರ್‌ಗೆ ಬೇಕಾದದ್ದು ಎರಡನೆಯದು.

ಡೊಂಬಿವಲಿ_ಫಾಸ್ಟ್
ಭಾನುವಾರ, ಸಂಜೆ 6.20

ಅದಕ್ಕೆ ‘ಯಾರು–ಅವರು’ ಜೋಡಿ ಇದೆಯಲ್ಲ. ‘ಕೆಲಸ ಯಾರಿಗೆ ಸಿಗುತ್ತದೋ ಅವನ ಜೇಬಿನಲ್ಲಿ ಹತ್ತು ನಾಣ್ಯಗಳಿವೆ.’ ಆ ‘ಓ’ಕಾರ ಬಂದ ಮೇಲೆ ಒಬ್ಬನೇ ವ್ಯಕ್ತಿಗೆ ಬೊಟ್ಟುಮಾಡಿ ಓದುವುದು ಕಷ್ಟ. ಈ ಒಂದು ವಾಕ್ಯದ ಮಟ್ಟಿಗೆ ಕನ್ನಡ ಮೂಲಕ್ಕಿಂತ ನಿಖರವಾಗಿದೆ.

ಮಾಟುಂಗಾ_ಪೂರ್ವ
ಭಾನುವಾರ, ರಾತ್ರಿ 9.30

ತಿದ್ದಿದ ಕರಡು:

“ಒಂದು ಮಾತು ನಿಜವಾಗಿದ್ದು, ಹಾಗೆಂದು ಭಾವಿಸಲು ತಕ್ಕ ಆಧಾರವೂ ಇದ್ದು, ಒಬ್ಬ ಹಾಗೆ ಭಾವಿಸಿದ್ದರೆ, ಅದು ಅವನಿಗೆ ಗೊತ್ತು ಎನ್ನಬಹುದೇ?

ಸ್ಮಿತ್ ಮತ್ತು ಜೋನ್ಸ್ ಒಂದೇ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಕೆಲಸ ಜೋನ್ಸ್‌ಗೆ ಎಂದು ಕಂಪನಿಯ ಅಧ್ಯಕ್ಷರೇ ಸ್ಮಿತ್‌ಗೆ ಭರವಸೆ ಕೊಟ್ಟಿದ್ದಾರೆ. ಹತ್ತು ನಿಮಿಷದ ಹಿಂದೆ ಸ್ಮಿತ್ ಜೋನ್ಸ್‌ನ ಜೇಬಿನ ನಾಣ್ಯಗಳನ್ನು ಎಣಿಸಿದ್ದಾನೆ, ಹತ್ತು. ಕೆಲಸ ಜೋನ್ಸ್‌ಗೆ ಸಿಗುತ್ತದೆ, ಅವನ ಜೇಬಿನಲ್ಲಿ ಹತ್ತು ನಾಣ್ಯಗಳಿವೆ ಎಂದು ಭಾವಿಸಲು ಹೀಗೆ ಸ್ಮಿತ್‌ನಲ್ಲಿ ಗಟ್ಟಿ ಆಧಾರವಿದೆ. ಇದರಿಂದ, ಕೆಲಸ ಯಾರಿಗೆ ಸಿಗುತ್ತದೋ ಅವನ ಜೇಬಿನಲ್ಲಿ ಹತ್ತು ನಾಣ್ಯಗಳಿವೆ ಎಂಬುದು ತಪ್ಪದೆ ಬರುತ್ತದೆಂದು ಕಂಡು, ಸ್ಮಿತ್ ಅದನ್ನೂ ಒಪ್ಪುತ್ತಾನೆ. ಆದರೆ ಕೆಲಸ ಸಿಗುವುದು ಸ್ಮಿತ್‌ಗೇ. ಅವನಿಗೇ ಗೊತ್ತಿಲ್ಲದೆ ಅವನ ಜೇಬಿನಲ್ಲೂ ಹತ್ತು ನಾಣ್ಯಗಳಿವೆ.”

ತರ್ಕಸಂಗ್ರಹ_ಪುಣೆ
ಭಾನುವಾರ, ರಾತ್ರಿ 9.50

ಮೊದಲ ಸಾಲಿನಲ್ಲಿ ‘ಮಾತು’ ಎಂದಿದ್ದೀರಿ, ಅದು ಆಡಿದ ಮಾತಾಗಿಬಿಡುತ್ತದೆ. ‘ಹೀಗಿದೆ ಎಂಬುದು ನಿಜವಾಗಿದ್ದು, ಹಾಗೆಂದು ಭಾವಿಸಲು...’ ಎಂದು ಮಾಡಿ. ಉಳಿದದ್ದು ನಿಲ್ಲುತ್ತದೆ. ಎರಡನೇ ಉದಾಹರಣೆಯನ್ನು ನಾಳೆ ಹಾಕಿ.